ತೊಳೆದಷ್ಟೂ ಕೆಸರಾಗುವ ನೀರು: ಒಂದು ಕೋಳಿ ಅಂಗಳದ ಪ್ರಕರಣ

ಮೊದಲು ಜಾಗದ ವಿವರ. ಅಂಗಳ ಸುಮಾರು 6 ಮೀಟರ್ ಉದ್ದ, 4 ಮೀಟರ್ ಅಗಲ. ಸುತ್ತಲೂ ತಂತಿ ಜಾಲರಿ. ಅರ್ಧ ಭಾಗಕ್ಕೆ ತಗಡಿನ ಸೂರು, ಇನ್ನರ್ಧಕ್ಕೆ ಮೇಲೂ ಜಾಲರಿಯೇ. ಒಂದು ಮೂಲೆಯಲ್ಲಿ ರಾತ್ರಿ ಮಲಗುವ ಗೂಡು. ಕೋಳಿಗಳು ಒಟ್ಟು 17: ಮೊಟ್ಟೆಯಿಡುವ 12 ಹೇಂಟೆಗಳು, ಸುಮಾರು 8 ವಾರದ 5 ಮರಿಗಳು. ಎಲ್ಲವೂ ಒಂದೇ ಅಂಗಳದಲ್ಲಿ, ಒಟ್ಟಿಗೆ. ನೀರಿಗೆ ನೆಲದ ಮೇಲೆ ಒಂದು ಅಗಲವಾದ ಸ್ಟೀಲ್ ಬೋಗುಣಿ. ಅದು ಸಾಲದು ಅಂತ ಬಿಸಿಲು ಬೀಳುವ ಕಡೆ ಇನ್ನೊಂದು ಪ್ಲಾಸ್ಟಿಕ್ ಡ್ರಿಂಕರ್ (ಮೇಲೆ ನೀರಿನ ಡಬ್ಬ, ಕೆಳಗೆ ಕುಡಿಯುವ ತಟ್ಟೆ), ಒಳಗಿನ ನೀರು ಹೊರಗೆ ಕಾಣುವಂಥದ್ದು. ಮೇವಿಗೆ ಸೂರಿನ ಅಂಚಿನಲ್ಲಿ ಉದ್ದನೆಯ ತೆರೆದ ತೊಟ್ಟಿ.

ಕೋಳಿಗಳ ಒಡತಿ ನನಗೆ ಪರಿಚಯದವರು, ವಯಸ್ಸಿನಲ್ಲಿ ಹಿರಿಯರು. ಅವರ ದೂರು ಒಂದೇ. "ದಿನಕ್ಕೆ ಮೂರು ಸಲ ತೊಳೀತೀನಪ್ಪ. ನಾನು ಕೈ ಒರೆಸಿಕೊಳ್ಳೋ ಅಷ್ಟರಲ್ಲಿ ಮತ್ತೆ ಕೆಸರು. ಇನ್ನೂ ಎಷ್ಟು ಸಲ ತೊಳೀಲಿ?" ಮಾತಿನ ಮಧ್ಯೆ ಬೇರೆ ಸಂಗತಿಗಳೂ ಹೊರಬಂದವು. ದಿನಕ್ಕೆ 9-10 ಬರುತ್ತಿದ್ದ ಮೊಟ್ಟೆ 6ಕ್ಕೆ ಇಳಿದಿತ್ತು. ರಾತ್ರಿ ಇಲಿ ಓಡಾಡುವ ಸದ್ದು ಕೇಳುತ್ತಿತ್ತು. ಒಂದು ಮರಿ ಎರಡು ದಿನದಿಂದ ರೆಕ್ಕೆ ಇಳಿಬಿಟ್ಟು, ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುತ್ತಿತ್ತು. ಅದರ ಹಿಕ್ಕೆಯಲ್ಲಿ ರಕ್ತ ಕಂಡಿತ್ತು.

ಈ ಕೊನೆಯ ಮಾತು ಅವರು ಮೊದಲು ಹೇಳಬೇಕಿತ್ತು. ನೀರು, ಬೋಗುಣಿ ಎಲ್ಲ ಆಮೇಲೆ ನೋಡೋಣ, ಮೊದಲು ಪಶುವೈದ್ಯರಿಗೆ ತೋರಿಸಿ ಅಂದೆ. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಕಾಕ್ಸಿಡಿಯೋಸಿಸ್ ಅಂದರು. ಸಾಕುವವರ ಬಾಯಲ್ಲಿ ಅದು ರಕ್ತಭೇದಿ. ನೀರಿನಲ್ಲಿ ಬೆರೆಸಿ ಕೊಡಲು ಆಂಪ್ರೋಲಿಯಂ ಬರೆದುಕೊಟ್ಟರು. ಜೊತೆಗೆ ಒಂದು ಎಚ್ಚರಿಕೆ: ಈ ಔಷಧ ಕೊಡುವ ದಿನಗಳಲ್ಲಿ ಬಿ ವಿಟಮಿನ್ ಟಾನಿಕ್ ಬೇಡ. ಪರೋಪಜೀವಿಗೆ ಬೇಕಾದ ಬಿ1 ಸಿಗದಂತೆ ಮಾಡುವುದೇ ಈ ಔಷಧದ ಕೆಲಸ. ಒಂದು ಕೈಯಲ್ಲಿ ಔಷಧ ಹಾಕಿ ಇನ್ನೊಂದು ಕೈಯಲ್ಲಿ ಟಾನಿಕ್ ಹಾಕಿದರೆ ಔಷಧದ ಕೆಲಸ ಕೆಡುತ್ತದೆ.

ಔಷಧ ಬಂತು. ಆದರೆ ಅದು ಮರಿಗಳ ಹೊಟ್ಟೆ ಸೇರುವುದು ಹೇಗೆ? ಬೋಗುಣಿಯ ಸುತ್ತ ಒಂದು ಮಾರು ಜಾಗ ಸದಾ ಒದ್ದೆ. ಸೂರಿನ ನೀರು ಬೀಳುವ ಕಡೆ ಗುಂಡಿ, ಗುಂಡಿಯಲ್ಲಿ ರಾಡಿ. ಶುದ್ಧ ನೀರು ಪಕ್ಕದಲ್ಲೇ ಇದ್ದರೂ ಕೋಳಿಗಳು ಇಂಥ ರಾಡಿಗೆ ಕೊಕ್ಕು ಹಾಕುತ್ತವೆ. ಯಾಕೆ ಅಂತ ಕೇಳಬೇಡಿ, ಕೋಳಿ ಸಾಕಿದವರೆಲ್ಲ ನೋಡಿದ್ದಾರೆ. ಹೊಟ್ಟೆ ತುಂಬ ಗುಂಡಿ ನೀರು ಕುಡಿದ ಮರಿ ಔಷಧದ ನೀರನ್ನು ಎಷ್ಟು ಕುಡಿಯುತ್ತೆ? ಹಾಗಾಗಿ ಮರಿಗಳನ್ನು ಬೇರೆ ಮಾಡಿ, ಒಣ ಹೊಟ್ಟು ಹಾಸಿದ ಜಾಗದಲ್ಲಿ ಇಡಬೇಕಾಯಿತು. ಅಲ್ಲಿ ಔಷಧದ ನೀರು ಬಿಟ್ಟರೆ ಬೇರೆ ನೀರಿಲ್ಲ.

ರೋಗಕ್ಕೂ ಈ ಒದ್ದೆ ನೆಲಕ್ಕೂ ನೇರ ನಂಟಿದೆ. ರೋಗ ತರುವ ಐಮೀರಿಯಾ ಎಂಬ ಸೂಕ್ಷ್ಮಜೀವಿಯ ಮೊಟ್ಟೆಯಂಥ ಕಣಗಳು ಹಿಕ್ಕೆಯಲ್ಲಿ ಹೊರಬರುತ್ತವೆ. ಬಂದ ಕೂಡಲೇ ಅವು ಇನ್ನೊಂದು ಕೋಳಿಗೆ ರೋಗ ತರಲಾರವು. ತೇವ, ಬಿಸುಪು, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಮಾಗುತ್ತವೆ. ಮಾಗಿದ ಮೇಲೆ ಯಾವ ಮರಿ ನುಂಗಿದರೂ ಕಷ್ಟ. ದೊಡ್ಡ ಹೇಂಟೆಗಳು ಚಿಕ್ಕಂದಿನಲ್ಲೇ ಇದನ್ನು ಎದುರಿಸಿ ಗಟ್ಟಿಯಾಗಿರುತ್ತವೆ. ಆದರೆ ಏನೂ ಆಗದವರಂತೆ ಓಡಾಡುತ್ತಲೇ ಹಿಕ್ಕೆಯಲ್ಲಿ ಆ ಕಣಗಳನ್ನು ಬಿಡುತ್ತಿರುತ್ತವೆ. ಬೋಗುಣಿಯ ಸುತ್ತಲಿನ ಒದ್ದೆ ಅವಕ್ಕೆ ಹೇಳಿ ಮಾಡಿಸಿದ ಜಾಗ. ಸಾಮಾನ್ಯ ಕ್ರಿಮಿನಾಶಕಗಳಿಗೆ ಈ ಕಣಗಳು ಜಗ್ಗುವುದಿಲ್ಲ. ಬ್ಲೀಚ್‌ಗೂ ಅಷ್ಟೇ. ನೆಲ ಒಣಗಿದರೆ ಮಾತ್ರ ಅವುಗಳ ಆಟ ನಿಲ್ಲುತ್ತದೆ. ಅಂದರೆ ಇಲ್ಲಿ ಬೋಗುಣಿಯ ಒಳಗಿನ ಕೊಳೆಗಿಂತ ಬೋಗುಣಿಯ ಸುತ್ತಲಿನ ಒದ್ದೆಯೇ ದೊಡ್ಡ ಸಮಸ್ಯೆ. ಒಡತಿ ಮೂರು ಸಲ ಬೋಗುಣಿ ತೊಳೆದು, ಆ ನೀರನ್ನು ಮೂರು ಸಲವೂ ಅಲ್ಲೇ ಚೆಲ್ಲುತ್ತಿದ್ದರು.

ಮರಿಗಳ ವ್ಯವಸ್ಥೆ ಆದ ಮೇಲೆ ಬೋಗುಣಿಯ ವಿಚಾರಕ್ಕೆ ಬಂದೆವು. "ತೊಳೆಯೋದು ಬೇಡ ಅಮ್ಮಾ, ಇವತ್ತೊಂದು ದಿನ ಸುಮ್ನೆ ಕೂತು ನೋಡೋಣ" ಅಂದೆ. ಬೆಳಿಗ್ಗೆ ಹೊಸ ನೀರಿಟ್ಟು ಸ್ಟೂಲ್ ಹಾಕಿಕೊಂಡು ಕೂತೆವು.

ಮೊದಲು ಬಂದ ಹೇಂಟೆ ಮೇವಿನ ತೊಟ್ಟಿಯಿಂದ ನೇರ ಇಲ್ಲಿಗೇ ಬಂತು. ತೊಟ್ಟಿ ಎರಡು ಹೆಜ್ಜೆ ದೂರ ಅಷ್ಟೇ. ಕೊಕ್ಕಿನ ತುದಿಗೆ ಹಿಟ್ಟಿನಂಥ ಮೇವು ಮೆತ್ತಿಕೊಂಡಿತ್ತು. ನೀರಿಗೆ ಕೊಕ್ಕು ಅದ್ದಿ, ತಲೆ ಎತ್ತಿ ನುಂಗಿತು. ಕೋಳಿಗೆ ನೀರನ್ನು ಹೀರಿಕೊಳ್ಳಲು ಬರುವುದಿಲ್ಲ, ಮೊಗೆದು ತಲೆ ಎತ್ತಲೇಬೇಕು. ಹಾಗೆ ಪ್ರತಿ ಸಲ ಅದ್ದಿದಾಗಲೂ ಒಂದಿಷ್ಟು ಹಿಟ್ಟು ನೀರಿಗಿಳಿಯಿತು. ಬೋಗುಣಿಯ ತಳದಲ್ಲಿ ಬಿಳಿ ಗಸಿ ಕೂರತೊಡಗಿತು. ಆಮೇಲೆ ಎರಡು ಹೇಂಟೆಗಳು ಪಕ್ಕದ ಹೊಟ್ಟಿನಲ್ಲಿ ಕೆದಕಲು ಶುರುಮಾಡಿದವು. ಕೋಳಿ ಕೆದಕುವಾಗ ಕಸ ಹಿಂದಕ್ಕೆ ಹಾರುತ್ತದೆ. ಬೋಗುಣಿಗೆ ಬೆನ್ನು ತಿರುಗಿಸಿ ನಾಲ್ಕು ಸಲ ಕೆದಕಿದರೆ ಸಾಕು, ಹೊಟ್ಟು, ಮಣ್ಣು, ಒಣ ಹಿಕ್ಕೆ ಎಲ್ಲ ನೀರಿನಲ್ಲಿ. ಕಾಲು ಗಂಟೆಯಲ್ಲಿ ನೀರಿನ ಬಣ್ಣ ತಿರುಗಿತು. ಕೊನೆಗೆ ಒಂದು ಮರಿ, ಆರೋಗ್ಯವಾಗಿದ್ದ ನಾಲ್ಕರಲ್ಲಿ ಒಂದು, ಬೇಲಿ ಸಂದಿಯಿಂದ ನುಸುಳಿ ಬಂದು ಬೋಗುಣಿಯ ಅಂಚು ಹತ್ತಿ ಕೂತಿತು. ಬಾಲ ಒಳಗಡೆಗೆ. ಮುಂದೇನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮಧ್ಯಾಹ್ನ ಆ ನೀರನ್ನು ಒಂದು ಬಿಳಿ ಬಟ್ಟೆಯಲ್ಲಿ ಸೋಸಿದೆವು. ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು, ಖರ್ಚಿಲ್ಲ. ಬಟ್ಟೆಯ ಮೇಲೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ಹೊಟ್ಟು ಮತ್ತು ಮಣ್ಣು. ನಂತರ ನೆನೆದು ಉಬ್ಬಿದ ಮೇವು. ಹಿಕ್ಕೆ ಇತ್ತು, ಅಂದುಕೊಂಡಷ್ಟು ಇರಲಿಲ್ಲ. ಬೋಗುಣಿಯ ಒಳಗೋಡೆಗೆ ಬೆರಳಾಡಿಸಿದರೆ ಲೋಳೆ. ಮೂರು ಸಲ ತೊಳೆದರೂ ಲೋಳೆ ಯಾಕೆ ಅಂದರೆ, ಅವರು ತೊಳೆಯುತ್ತಿದ್ದದ್ದು ಅಂದರೆ ನೀರು ಹಾಕಿ ಕುಲುಕಿ ಚೆಲ್ಲುವುದು. ಉಜ್ಜುತ್ತಿರಲಿಲ್ಲ. ಬಿಸಿಲಲ್ಲಿದ್ದ ಡ್ರಿಂಕರಿನ ಕಥೆ ಬೇರೆ. ಅದರೊಳಗೆ ಹಸಿರು ಪಾಚಿ, ಮುಟ್ಟಿದರೆ ನೀರು ಬೆಚ್ಚಗೆ. ಅದರ ಹತ್ತಿರ ಒಂದು ಕೋಳಿಯೂ ಸುಳಿದಿರಲಿಲ್ಲ. ಬೆಚ್ಚಗಿನ ನೀರನ್ನು ಕೋಳಿಗಳು ಕಡಿಮೆ ಕುಡಿಯುತ್ತವೆ. ಅವುಗಳ ಮೈಬಿಸಿಯೇ 41-42 ಡಿಗ್ರಿ ಸೆಲ್ಸಿಯಸ್. ಬೆವರು ಗ್ರಂಥಿಗಳಿಲ್ಲ. ಸೆಕೆಯಲ್ಲಿ ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಬೇಕು. ಅದಕ್ಕೆ ಖರ್ಚಾಗುವುದೂ ನೀರೇ.

ಮೊಟ್ಟೆ ಇಳಿದದ್ದಕ್ಕೆ ಇಲ್ಲೇ ಒಂದು ಸುಳಿವು ಸಿಕ್ಕಿತು. ಚಿಪ್ಪು ಬಿಟ್ಟರೆ ಮೊಟ್ಟೆಯ ತೂಕದಲ್ಲಿ ಸುಮಾರು ಮುಕ್ಕಾಲು ಭಾಗ ನೀರು. ಮೊಟ್ಟೆಯಿಡುವ ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ಕುಡಿಯುತ್ತದೆ, ಅಂದರೆ ತಿಂದ ಮೇವಿನ ತೂಕದ ಎರಡರಷ್ಟು. ಬಿಸಿಲು ಜಾಸ್ತಿಯಾದರೆ ಅದು ಇಮ್ಮಡಿಯೂ ಆಗಬಹುದು. 12 ಹೇಂಟೆಗೆ ತಣ್ಣಗಿನ ದಿನ 3 ಲೀಟರ್, ಸುಡುವ ದಿನ 6 ಲೀಟರ್. ಇಲ್ಲಿ ಒಂದು ಪಾತ್ರೆಯಲ್ಲಿ ಕೆಸರು, ಇನ್ನೊಂದರಲ್ಲಿ ಬಿಸಿನೀರು. ನೀರು ಕಡಿಮೆ ಕುಡಿದ ಕೋಳಿ ಮೇವನ್ನೂ ಕಡಿಮೆ ತಿನ್ನುತ್ತದೆ. ಮೊದಲು ನಿಲ್ಲುವುದು ಮೊಟ್ಟೆ.

ಈಗ ಏನು ಬದಲಾಯಿತು ಅನ್ನುವುದಕ್ಕೆ ಬರೋಣ. ನನ್ನ ಅಭಿಪ್ರಾಯ ಆಗಲೂ ಇದೇ, ಈಗಲೂ ಇದೇ: ನೀರು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅನ್ನುವುದು ಸರಿಯಾಗದೆ ಎಷ್ಟು ತೊಳೆದರೂ ಅದು ವ್ಯರ್ಥ ದುಡಿಮೆ.

ಮೊದಲ ಕೆಲಸ ಎತ್ತರ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರಬೇಕು. ಕೋಳಿ ನೆಟ್ಟಗೆ ನಿಂತು ಕತ್ತು ಸ್ವಲ್ಪವೇ ಬಗ್ಗಿಸಿ ಕುಡಿಯುವಂತೆ. ಆ ಎತ್ತರಕ್ಕೆ ಕೆದಕಿದ ಕಸ ಸುಲಭವಾಗಿ ಹಾರುವುದಿಲ್ಲ. ಒಡತಿಯ ಮಗ ಮರದ ಚೌಕಟ್ಟು ಮಾಡಿ, ಒಳಗೆ ಜಲ್ಲಿ ತುಂಬಿ, ಮೇಲೆ ಗಟ್ಟಿ ಜಾಲರಿ ಬಡಿದು ಒಂದು ಪೀಠ ಮಾಡಿಕೊಟ್ಟ. ಚೆಲ್ಲಿದ ನೀರು ಜಾಲರಿಯ ಕೆಳಗೆ ಜಲ್ಲಿಗೆ ಇಳಿಯುತ್ತದೆ. ಅಲ್ಲಿಗೆ ಕೋಳಿಯ ಕೊಕ್ಕೂ ಎಟಕುವುದಿಲ್ಲ, ಕಾಲೂ ಎಟಕುವುದಿಲ್ಲ. ಬೋಗುಣಿ ಅಡುಗೆಮನೆಗೆ ವಾಪಸ್ ಹೋಯಿತು. ಡ್ರಿಂಕರನ್ನು ಚೆನ್ನಾಗಿ ಉಜ್ಜಿ, ಹೊರಗಿಂದ ಬೆಳಕು ಹೋಗದಂತೆ ಬಣ್ಣ ಬಳಿದು, ನೆರಳಿನಲ್ಲಿ ಈ ಪೀಠದ ಮೇಲೆ ಇಟ್ಟರು. ಬೆಳಕಿಲ್ಲದಿದ್ದರೆ ಪಾಚಿ ಬೆಳೆಯದು.

ಇಂಥ ಡ್ರಿಂಕರಿಗೆ ಒಂದು ಗುಣವಿದೆ, ಪೀಠ ಸಮತಟ್ಟಾಗಿಲ್ಲದಿದ್ದರೆ ತಾನೇ ಖಾಲಿಯಾಗುತ್ತದೆ. ಕೆಳಗಿನ ತಟ್ಟೆಯ ನೀರು ರಂಧ್ರವನ್ನು ಮುಚ್ಚುವ ತನಕ ಮಾತ್ರ ಮೇಲಿಂದ ನೀರು ಇಳಿಯುತ್ತದೆ, ಮುಚ್ಚಿದ ಮೇಲೆ ಗಾಳಿ ಒಳಗೆ ಹೋಗದೆ ನಿಲ್ಲುತ್ತದೆ. ಒಂದು ಕಡೆ ವಾಲಿದರೆ ಆ ಕಡೆಯ ಅಂಚಿನಿಂದ ನೀರು ಹರಿಯುತ್ತಾ ರಂಧ್ರ ಮತ್ತೆ ಮತ್ತೆ ತೆರೆಯುತ್ತದೆ. ಹಳೆಯ ಜಾಗದಲ್ಲಿ ಆಗುತ್ತಿದ್ದದ್ದು ಅದೇ. ಒಡತಿ ಅದನ್ನು "ಕೋಳಿಗಳು ಇದರಲ್ಲೂ ಕುಡೀತಾವೆ, ಸಂಜೆಗೆ ಖಾಲಿ" ಅಂತ ಅಂದುಕೊಂಡಿದ್ದರು.

ಎರಡನೆಯದು, ಮೇವಿಗೂ ನೀರಿಗೂ ನಡುವೆ ಎರಡು ಮೀಟರಿನಷ್ಟು ದೂರ. ಅಷ್ಟು ನಡೆಯುವಷ್ಟರಲ್ಲಿ ಕೊಕ್ಕಿನ ಹಿಟ್ಟು ಒಂದಿಷ್ಟು ಉದುರುತ್ತದೆ, ಒಂದಿಷ್ಟನ್ನು ಕೋಳಿ ನೆಲಕ್ಕೆ ಒರೆಸಿಕೊಳ್ಳುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಮೇವು ಹಿಟ್ಟಿನ ರೂಪದಲ್ಲಿದ್ದರೆ ಈ ತೊಂದರೆ ಜಾಸ್ತಿ, ಗುಳಿಗೆ ರೂಪದ್ದಾದರೆ ಕಡಿಮೆ. ಇನ್ನೊಂದು ಮಾತು: ಎರಡನ್ನೂ ಕೋಳಿಗಳು ರಾತ್ರಿ ಕೂರುವ ಗಳದ ಕೆಳಗೆ ಇಡಬಾರದು. ಹಿಕ್ಕೆಯ ದೊಡ್ಡ ಪಾಲು ಬೀಳುವುದು ಅಲ್ಲೇ.

ಆಮೇಲೆ ನಿಪ್ಪಲ್, ಅಂದರೆ ಕೋಳಿ ಕುಟುಕಿದಾಗ ಮಾತ್ರ ನೀರು ಬಿಡುವ ಸಣ್ಣ ಮೂತಿ. ಮುಚ್ಚಳವಿರುವ ಬಕೆಟ್ಟಿನ ತಳಕ್ಕೆ ನಾಲ್ಕು ನಿಪ್ಪಲ್ ಹಾಕಿ ನೇತುಹಾಕಿದರು. ಕೊಕ್ಕಿನಿಂದ ಕುಟುಕಿದರೆ ಹನಿ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ನೀರು ತೆರೆದುಕೊಂಡೇ ಇರುವುದಿಲ್ಲವಾದ್ದರಿಂದ ಹಿಕ್ಕೆ, ಕಸ ಒಳಗೆ ಬೀಳುವ ಪ್ರಶ್ನೆಯೇ ಇಲ್ಲ. ಎತ್ತರ ಮಾತ್ರ ಬೇರೆ ಲೆಕ್ಕ: ಇಲ್ಲಿ ಕೋಳಿ ಕತ್ತು ಮೇಲಕ್ಕೆ ಚಾಚಿ ಕುಡಿಯಬೇಕು. ತಗ್ಗಿಸಿದರೆ ಪಕ್ಕದಿಂದ ಕುಟುಕಿ ನೀರು ಚೆಲ್ಲುತ್ತವೆ. ಮೊದಲ ದಿನ ನೀರು ಬರುತ್ತಲೇ ಇರಲಿಲ್ಲ. ಮುಚ್ಚಳವನ್ನು ಅಷ್ಟು ಬಿಗಿಯಾಗಿ ಹಾಕಿದ್ದರು, ಗಾಳಿ ಹೋಗಲು ಜಾಗವೇ ಇರಲಿಲ್ಲ. ಒಂದು ಸಣ್ಣ ತೂತು ಕೊರೆದ ಮೇಲೆ ಸರಿಹೋಯಿತು. ಹಳೆಯ ಹೇಂಟೆಗಳು ಹೊಸ ವಸ್ತುವನ್ನು ನಂಬುವುದು ನಿಧಾನ. ಹಾಗಾಗಿ ಎಲ್ಲವೂ ಕಲಿಯುವ ತನಕ ಡ್ರಿಂಕರನ್ನು ತೆಗೆಯಬಾರದು ಅಂತ ತೀರ್ಮಾನವಾಯಿತು. ಕಲಿಯಲಿ ಅಂತ ಬಾಯಾರಿಸಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಬಿಸಿಲಿನಲ್ಲಂತೂ ಅದು ಕ್ರೌರ್ಯ.

ಮೇವಿನ ಕಡೆ ಸಮಸ್ಯೆ ಬೇರೆ ಥರದ್ದು. ಒಂದು ಹೇಂಟೆ ದಿನಕ್ಕೆ ತಿನ್ನುವುದು 100ರಿಂದ 120 ಗ್ರಾಂ. 12ಕ್ಕೆ ಹೆಚ್ಚೆಂದರೆ ಒಂದೂವರೆ ಕಿಲೋ. ಮರಿಗಳದ್ದು ಸೇರಿಸಿದರೂ ಎರಡು ಕಿಲೋ ಮುಟ್ಟುವುದಿಲ್ಲ. ಒಡತಿ ಬೆಳಿಗ್ಗೆ ತೊಟ್ಟಿ ತುಂಬ ಸುರಿಯುತ್ತಿದ್ದದ್ದು ಮೂರು ಕಿಲೋದಷ್ಟು. ಉಳಿದದ್ದನ್ನು ಯಾರು ತಿನ್ನುತ್ತಿದ್ದರು? ಹಗಲು ಜಾಲರಿಯಲ್ಲಿ ನುಸುಳುವ ಗುಬ್ಬಿಗಳು, ರಾತ್ರಿ ಇಲಿಗಳು. ಎರಡೂ ತಿಂದು ಸುಮ್ಮನೆ ಹೋಗುವುದಿಲ್ಲ, ತೊಟ್ಟಿಯಲ್ಲೇ ಹಿಕ್ಕೆ ಹಾಕಿ ಹೋಗುತ್ತವೆ. ಸಾಲ್ಮೊನೆಲ್ಲಾದಂಥ ರೋಗಾಣು ಹೀಗೂ ಬರುತ್ತದೆ. ಹಕ್ಕಿಜ್ವರದ ಭಯ ಇರುವ ಕಾಲದಲ್ಲಿ ಕಾಡುಹಕ್ಕಿಗಳನ್ನು ಮೇವು-ನೀರಿನಿಂದ ದೂರ ಇಡುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ತೊಟ್ಟಿ ಕಂಠಮಟ್ಟ ತುಂಬಿದ್ದರೆ ಕೋಳಿಗಳು ತಮಗೆ ಬೇಕಾದ ಕಾಳಿಗಾಗಿ ಕೊಕ್ಕಿನಲ್ಲಿ ಅತ್ತಿತ್ತ ತೂರಿ ಅರ್ಧ ನೆಲಕ್ಕೆ ಚೆಲ್ಲುತ್ತವೆ. ಮೂರನೇ ಒಂದು ಭಾಗ ಮಾತ್ರ ತುಂಬಿಸಿದರೆ, ಅಂಚು ಒಳಕ್ಕೆ ಮಡಿಚಿದ್ದರೆ ಈ ಚೆಲ್ಲಾಟ ಬಹಳ ಕಡಿಮೆಯಾಗುತ್ತದೆ. ಹೊಸ ತೊಟ್ಟಿ ಹಾಗೇ ಮಾಡಿಸಿದ್ದು. ಜೊತೆಗೆ ಎರಡು ತೊಟ್ಟಿ, ಒಂದು ಆ ಕಡೆ, ಒಂದು ಈ ಕಡೆ. ಯಾಕೆಂದರೆ ಗುಂಪಿನಲ್ಲಿ ಜೋರಿನ ಹೇಂಟೆಗಳಿರುತ್ತವೆ. ಒಂದೇ ತೊಟ್ಟಿಯಿದ್ದರೆ ಅವು ಕಾವಲು ನಿಂತು ಮೆತ್ತನೆಯವನ್ನು ಕುಕ್ಕಿ ಓಡಿಸುತ್ತವೆ.

ಹಳೆಯ ತೊಟ್ಟಿಯನ್ನು ಎತ್ತಿದಾಗ ಕೆಳಗೆ ಕಂಡದ್ದು ಒಡತಿಗೂ ಹೇಸಿಗೆ ತಂದಿತು. ಓರೆಯಾಗಿ ಬಡಿದ ಮಳೆಗೆ ನೆನೆದ ಮೇವು ಗಟ್ಟಿ ಹೆಪ್ಪಾಗಿತ್ತು. ಮೇಲೆ ಬೂದು-ಹಸಿರು ಬೂಷ್ಟು, ಮುರಿದರೆ ಒಳಗೆ ಹುಳಿ ವಾಸನೆ. ಕೋಳಿಗಳು ಅದರ ಅಂಚನ್ನು ಕುಟುಕಿದ ಗುರುತಿತ್ತು. "ಒಣಗಿಸಿ ಹಾಕಿದರೆ ಆಗಲ್ವಾ?" ಅಂದರು. ಆಗುವುದಿಲ್ಲ. ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಒಣಗಿಸಿದರೂ ಹೋಗದು, ಬೇಯಿಸಿದರೂ ಪೂರ್ತಿ ಹೋಗದು. ಕೋಳಿಯ ಪಿತ್ತಜನಕಾಂಗಕ್ಕೆ ಪೆಟ್ಟು. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಕ್ಕಿಗಳ ಸಾವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಹುಡುಕಿದಾಗ ಕಾರಣ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ. ಹೆಪ್ಪನ್ನು ಕೆರೆದು ಮುಚ್ಚಿದ ಚೀಲದಲ್ಲಿ ಹೊರಗೆ ಹಾಕಿದೆವು, ಗೊಬ್ಬರದ ಗುಂಡಿಗೂ ಅಲ್ಲ, ಕೋಳಿಗಳು ಅಲ್ಲಿಗೂ ಹೋಗುತ್ತಿದ್ದವು.

ಮೇವಿನ ಚೀಲವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಇಟ್ಟಿದ್ದರು. ಈಗ ಬಿಗಿ ಮುಚ್ಚಳದ ತಗಡಿನ ಡ್ರಮ್ಮು, ಕೆಳಗೆ ಇಟ್ಟಿಗೆ. ಹಳೆಯದು ತಳದಲ್ಲಿ ಉಳಿದಿರುವಾಗ ಮೇಲೆ ಹೊಸದು ಸುರಿಯುವ ಅಭ್ಯಾಸ ಬಿಡಬೇಕು ಅಂತ ಹೇಳಿದೆ, ತಳದಲ್ಲಿದ್ದದ್ದು ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ.

ಇಲಿಗೆ ಒಂದೇ ಮದ್ದು, ಊಟ ಸಿಗದಂತೆ ಮಾಡುವುದು. ಕೋಳಿಗಳು ಕತ್ತಲಲ್ಲಿ ತಿನ್ನುವುದಿಲ್ಲ. ಸಂಜೆ ಗೂಡು ಸೇರುವ ಮುಂಚೆ ಕತ್ತಿನ ಕೆಳಗಿನ ಮೇವಿನ ಚೀಲ ತುಂಬಿಸಿಕೊಂಡರೆ ಬೆಳಗಿನ ತನಕ ಸಾಕು. ಹಾಗಾಗಿ ಕತ್ತಲಾಗುತ್ತಿದ್ದಂತೆ ತೊಟ್ಟಿ ಡ್ರಮ್ಮಿನೊಳಗೆ. ಅಂಗಳದ ಕೆಳಭಾಗಕ್ಕೆ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಸೇರಿಸಿದರು. ಸುಂಡಿಲಿಗೆ 6 ಮಿಲಿಮೀಟರ್ ಸಂದಿಯೇ ಧಾರಾಳ, ಹಾಗಾಗಿ ಪೂರ್ತಿ ತಡೆಯಲಾಗುವುದಿಲ್ಲ. ವಿಷ ಇಡುವುದು ಬೇಡ ಅಂದೆ. ವಿಷ ತಿಂದು ಒದ್ದಾಡುವ ಇಲಿಯನ್ನು ಕೋಳಿಯೇ ಕುಕ್ಕಿ ತಿನ್ನಬಹುದು.

ಮರಿಗಳು ಹೇಂಟೆಗಳ ತೊಟ್ಟಿಯಲ್ಲೇ ತಿನ್ನುತ್ತಿದ್ದದ್ದು ಇನ್ನೊಂದು ತಪ್ಪು, ಕೊಳೆಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಚಿಪ್ಪಿಗಾಗಿ ಸುಣ್ಣದಂಶ 3.5ರಿಂದ 4 ಶೇಕಡಾ ಇರುತ್ತದೆ. ಬೆಳೆಯುವ ಮರಿಗೆ ಸುಮಾರು 1 ಶೇಕಡಾ ಸಾಕು, ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ. ಮರಿಗಳು ಗುಣವಾದ ಮೇಲೂ ಅವನ್ನು ಬೇರೆಯೇ ಇಡಲು ಇದೂ ಒಂದು ಕಾರಣ.

ತೊಳೆಯುವ ಕೆಲಸ ಈಗಲೂ ಇದೆ, ರೀತಿ ಬದಲಾಗಿದೆ. ದಿನಕ್ಕೊಮ್ಮೆ ಡ್ರಿಂಕರಿನ ತಟ್ಟೆಯನ್ನು ಬ್ರಷ್ಷಿನಿಂದ ಉಜ್ಜುತ್ತಾರೆ. ಲೋಳೆ ಅಂದರೆ ಸೂಕ್ಷ್ಮಜೀವಿಗಳು ಕಟ್ಟಿಕೊಂಡ ಪದರ. ಅದು ಉಜ್ಜದೆ ಬಿಡುವುದಿಲ್ಲ. ಲೋಳೆಯ ಮೇಲೆ ಬ್ಲೀಚ್ ಸುರಿದರೆ ಬ್ಲೀಚಿನ ಬಲವೆಲ್ಲ ಕೊಳೆಗೇ ಖರ್ಚಾಗುತ್ತದೆ. ವಾರಕ್ಕೊಮ್ಮೆ ಡ್ರಿಂಕರ್, ಬಕೆಟ್, ನಿಪ್ಪಲ್ ಎಲ್ಲ ಬಿಚ್ಚಿ, ಸೋಪಿನಲ್ಲಿ ಉಜ್ಜಿ, ಆಮೇಲೆ ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಮನೆಬಳಕೆಯ ಬ್ಲೀಚ್ ಹಾಕಿ 10 ನಿಮಿಷ ನೆನೆಸಿ, ತೊಳೆದು, ಬಿಸಿಲಲ್ಲಿ ಒಣಗಿಸುವುದು. ಗಡಸು ನೀರಿನ ಬಿಳಿ ಪೊರೆ ಕಟ್ಟಿದ್ದರೆ ವಿನೆಗರ್ ಅದನ್ನು ಬಿಡಿಸುತ್ತದೆ. ಆದರೆ ವಿನೆಗರ್ ಒಂದು ದಿನ, ಬ್ಲೀಚ್ ಇನ್ನೊಂದು ದಿನ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ. ತೊಳೆದ ನೀರು ಅಂಗಳದ ಹೊರಗೆ, ಇದು ಮಾತ್ರ ಅವರು ಎಂದೂ ತಪ್ಪಿಸುವುದಿಲ್ಲ.

ಫಲ ಏನಾಯಿತು? ಬೆಳಿಗ್ಗೆ ಇಟ್ಟ ನೀರು ಸಂಜೆಗೂ ತಿಳಿಯಾಗಿರುತ್ತದೆ. ರೋಗ ಬಂದ ಮರಿ ಬದುಕಿತು, ಉಳಿದವಕ್ಕೆ ಹರಡಲಿಲ್ಲ, ಆದರೆ ಅದು ಒಡಹುಟ್ಟಿದವಕ್ಕಿಂತ ಸಣ್ಣಗೇ ಇದೆ. ಮೇವಿನ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೊಟ್ಟೆ 8ಕ್ಕೆ ಏರಿ ನಿಂತಿದೆ. ಮೂರು ಹೇಂಟೆಗಳು ಪುಕ್ಕ ಉದುರಿಸುತ್ತಿವೆ, ಆ ಸಮಯದಲ್ಲಿ ಎಷ್ಟು ಒಳ್ಳೆ ನೀರು ಕೊಟ್ಟರೂ ಮೊಟ್ಟೆ ಬರದು. ಒಂದು ಕಂದು ಹೇಂಟೆ ಮಾತ್ರ ಡ್ರಿಂಕರಿನ ತಲೆಯ ಮೇಲೆ ಹಾರಿ ಕೂರುವುದನ್ನು ಬಿಟ್ಟಿಲ್ಲ. ಅದಕ್ಕಾಗಿ ಮುಚ್ಚಳಕ್ಕೆ ಚೂಪಾದ ತಗಡಿನ ಟೋಪಿ ಮಾಡಿಸಬೇಕಾಯಿತು, ಈಗ ಕೂತರೆ ಜಾರುತ್ತದೆ.

ನಿಪ್ಪಲ್ ಬಕೆಟ್ಟಿನಲ್ಲಿ ಒಂದು ಕೊರತೆ ನನಗೆ ಈಗಲೂ ಕಾಣುತ್ತದೆ. ತೆರೆದ ಬೋಗುಣಿ ಖಾಲಿಯಾದರೆ, ಕೊಳಕಾದರೆ ದೂರದಿಂದಲೇ ಗೊತ್ತಾಗುತ್ತಿತ್ತು. ಮುಚ್ಚಿದ ಬಕೆಟ್ ಹೊರಗಿಂದ ಯಾವಾಗಲೂ ಚೊಕ್ಕಟ. ಒಳಗೆ ನೀರಿದೆಯೋ ಇಲ್ಲವೋ, ನಿಪ್ಪಲ್ ಕಟ್ಟಿಕೊಂಡಿದೆಯೋ ತಿಳಿಯದು. ಅದಕ್ಕೇ ಒಡತಿ ಒಳಗೋಡೆಗೆ ಅರ್ಧ ಲೀಟರಿಗೊಂದು ಗೆರೆ ಕೊರೆದಿದ್ದಾರೆ. ದಿನಾ ಸಂಜೆ ಮುಚ್ಚಳ ತೆಗೆದು ಎಷ್ಟು ಇಳಿದಿದೆ ನೋಡುತ್ತಾರೆ, ನಾಲ್ಕೂ ನಿಪ್ಪಲನ್ನು ಬೆರಳಲ್ಲಿ ಒತ್ತಿ ಹನಿ ಬರುತ್ತಾ ಅಂತ ಪರೀಕ್ಷಿಸುತ್ತಾರೆ. ಹನಿ ಸರಿಯಾಗಿ ಬರುತ್ತಿದ್ದರೂ ನೀರು ಎಂದಿಗಿಂತ ಕಡಿಮೆ ಇಳಿದಿದ್ದರೆ ಆಗ ಹುಡುಕಬೇಕಾದ್ದು ಕೋಳಿಗಳಲ್ಲಿ. ಮೈ ಸರಿಯಿಲ್ಲದ ಕೋಳಿ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತದೆ, ಬೇರೆ ಲಕ್ಷಣ ಕಾಣುವ ಮುಂಚೆಯೇ.